ದಿಂಬಿನಡಿಯ ಬಿಸ್ಕತ್ತು

ಅತ್ತೆ,

ಮೊದಲು ಊಟ. ಆಮೇಲೆ ಕಾಗದ. ಇದನ್ನು ನಿಮಗೆ ಓದಿ ಹೇಳಬೇಕಾದ ನಿಮ್ಮ ಮಗಳಿಗೆ ಖಡಾಖಂಡಿತವಾಗಿ ಹೇಳಿದ್ದೇನೆ: ಅಮ್ಮ ಸೂಜಿ ಹಾಕಿಸಿಕೊಂಡು, ತಟ್ಟೆ ಖಾಲಿ ಮಾಡಿ, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಮೇಲೆಯೇ ಲಕೋಟೆ ಒಡೆಯಬೇಕು ಅಂತ. ಪುಟ್ಟೀ, ಈಗ ನಿನಗೇ ಹೇಳುತ್ತಿರುವುದು, ಅವರು "ಆಯ್ತು ಆಯ್ತು, ಊಟ ಆಯ್ತು, ಓದು" ಅಂದರೆ ನಂಬಬೇಡ. ಹೋಗಿ ತಟ್ಟೆ ನೋಡಿಕೊಂಡು ಬಾ. ಮತ್ತೆ ಓದುವಾಗ ಮಧ್ಯೆ ಮಧ್ಯೆ ನುಂಗಬೇಡ. ನಾನು ಬರೆದದ್ದನ್ನು ಬರೆದ ಹಾಗೆಯೇ ಓದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಲು ಹೋದೆ, ಅತ್ತೆ. ಎಲ್ಲರೂ ಅನ್ನುವುದಕ್ಕೆ ಇಲ್ಲಿ ಈಗ ಇರುವವಳು ನಾನೊಬ್ಬಳೇ. ದೊರೆ ಹೋದ. ಹೋಗಿ ಒಂದು ತಿಂಗಳ ಮೇಲಾಯಿತು. ದಿನಾ ಸಂಜೆ ಫೋನಿನಲ್ಲಿ ನೀವು "ದೊರೆ ತಿಂದನಾ?" ಎಂದು ಕೇಳಿದಾಗ ನಾನು "ತಿಂದ" ಎನ್ನುತ್ತಿದ್ದೆನಲ್ಲ, ಈಚಿನದೆಲ್ಲ ಸುಳ್ಳು. ನಿಮ್ಮ ಮಗಳಿಗೂ ಗೊತ್ತಿತ್ತು. ಬೈಯುವುದಿದ್ದರೆ ಇಬ್ಬರಿಗೂ ಸಮನಾಗಿ ಬೈಯಿರಿ. ಅಳು ಬಂದರೆ ಅತ್ತುಬಿಡಿ, ಪುಟ್ಟಿ ಕಾಯುತ್ತಾಳೆ. ನಾನಂತೂ ಒಂದು ತಿಂಗಳಿಂದ ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ದನಿ ಮುಚ್ಚಿಕೊಂಡು ಅತ್ತಿದ್ದೇನೆ.

ನಿಮ್ಮ ಮಗ ಅವನನ್ನು ತಂದ ದಿನ ನೆನಪಿದೆಯಾ? ಪ್ರಿಂಟಿಂಗ್ ಪ್ರೆಸ್ಸಿನ ಕಾಗದದ ಉರುಳೆಗಳ ಸಂದಿಯಲ್ಲಿ ಸಿಕ್ಕ ಬೆಕ್ಕಿನ ಮರಿ ಅಂತ ಅಂಗಿಯೊಳಗೆ ತೂರಿಸಿಕೊಂಡು ಬಂದಿದ್ದ. ಮರಿಗೂ ಶಾಯಿ, ಅಂಗಿಗೂ ಶಾಯಿ. ತೊಳೆದು ನೋಡಿದರೆ ಅಡಿಯಲ್ಲಿ ಬಿಳಿ ಮೈ, ಬೆನ್ನ ಮೇಲೆ ಕಂದು ಪಟ್ಟೆ. ಮೈ ಒಣಗುವ ಮೊದಲೇ ನಿಮ್ಮ ಮಂಚ ಹತ್ತಿ, ನಿಮ್ಮ ದಿಂಬಿನ ನಟ್ಟನಡುವೆ ಕಾಲು ಚಾಚಿ ಮಲಗಿತು. ನೀವು ಸೊಂಟಕ್ಕೆ ಕೈಯಿಟ್ಟು, "ಬಂದ್ರಾ ದೊರೆಗಳು? ಕಾಲು ಒತ್ಲಾ?" ಅಂದಿರಿ. ಅವತ್ತಿನಿಂದ ಅವನು ದೊರೆ. ಹೆಸರಿಟ್ಟವರು ನೀವು, ತಂದವನು ನಿಮ್ಮ ಮಗ, ಸೇವೆ ಮಾತ್ರ ನನ್ನ ಹಣೆಗೆ ಬಂತು ಎಂದು ನಾನು ಗೊಣಗುತ್ತಿದ್ದೆ. "ನಾಲಿಗೆಯೂ ಕತ್ತರಿ, ಕೈಯಲ್ಲೂ ಕತ್ತರಿ" ಎಂದು ನನಗೂ ಒಂದು ಹೆಸರಿಟ್ಟಿರಿ. ಅದೊಂದು ನ್ಯಾಯವಾದ ಹೆಸರು, ನಾನೇ ಒಪ್ಪುತ್ತೇನೆ.

ಆಮೇಲೆ ನಿಮ್ಮ ಮಗ ಹೋದ. ಅದನ್ನು ಇಲ್ಲಿ ಮತ್ತೆ ಬರೆಯಲಾರೆ. ಮನೆಯಲ್ಲಿ ಅತ್ತೆ, ಸೊಸೆ, ಒಂದು ಬೆಕ್ಕು. ನೋಡಿದವರು, ಇವರಿಬ್ಬರೂ ಒಂದು ವರ್ಷ ಒಟ್ಟಿಗೆ ಇದ್ದರೆ ಹೆಚ್ಚು ಅಂದುಕೊಂಡಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನಮ್ಮ ಮನೆಯಲ್ಲಿ ಎರಡೂ ಕಾಲವನ್ನು ದೊರೆಯೇ ತೆಗೆದುಕೊಂಡ. ನಮ್ಮ ಜಗಳವೆಲ್ಲ ಅವನ ಮೇಲೆ, ನಮ್ಮ ರಾಜಿಯೆಲ್ಲ ಅವನ ತಲೆ ಸವರುತ್ತಾ.

ಅವನ ಕಾಯಿಲೆ ಮೊದಲು ಕಂಡುಹಿಡಿದವರೂ ನೀವೇ. ಕಣ್ಣು ಮಂಜಾದರೂ ಕಿವಿ ಚುರುಕಲ್ಲವಾ ನಿಮಗೆ. "ಇವನು ಹೊತ್ತುಗೊತ್ತಿಲ್ಲದೆ ನೀರು ನೆಕ್ತಿದ್ದಾನೆ ಕಣೇ. ತಿಂದಷ್ಟೂ ಹಸಿವು ಅಂತಾನೆ. ಎತ್ಕೊಂಡ್ರೆ ಹಗುರ ಆಗಿದ್ದಾನೆ. ಇವನಿಗೂ ನನ್ನ ಕಾಯಿಲೆನೇ" ಅಂದಿರಿ. ನಾನು ನಕ್ಕುಬಿಟ್ಟೆ. ಬೆಕ್ಕಿಗೆಲ್ಲಿಯ ಸಕ್ಕರೆ ಕಾಯಿಲೆ, ಯಾವ ಮದುವೆ ಮನೆಯಲ್ಲಿ ಉಂಡು ಬಂದ ಎಂದು ತಮಾಷೆ ಮಾಡಿದೆ. ಬೆಕ್ಕಿನ ಡಾಕ್ಟರಮ್ಮ ಅವನ ಕಿವಿಯ ಅಂಚಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತ ತೆಗೆದು, ನಿಮ್ಮ ಬೆರಳಿಗೆ ಹಿಡಿಯುತ್ತೇವಲ್ಲ ಅಂಥದ್ದೇ ಯಂತ್ರಕ್ಕೆ ಹಿಡಿದಾಗ ನನ್ನ ನಗು ನಿಂತಿತು. ಅವತ್ತಿನಿಂದ ಫ್ರಿಜ್ಜಿನ ಬಾಗಿಲಲ್ಲಿ ಎರಡು ಇನ್ಸುಲಿನ್ ಬಾಟಲಿ, ನಿಮ್ಮದೊಂದು, ಅವನದೊಂದು. ಅದಲುಬದಲಾಗದಿರಲಿ ಎಂದು ಅವನದಕ್ಕೆ ಕೆಂಪು ದಾರ ಕಟ್ಟಿದೆ.

ಡಾಕ್ಟರಮ್ಮ ಹೇಳಿದ್ದನ್ನು ನಿಮಗೆ ಅಕ್ಷರ ಬಿಡದೆ ಒಪ್ಪಿಸಿದ್ದೆ. ಬೆಳಿಗ್ಗೆ ಊಟ, ಊಟದ ಜೊತೆ ಸೂಜಿ. ಸಂಜೆ ಊಟ, ಊಟದ ಜೊತೆ ಸೂಜಿ. ಡಬ್ಬಿಯ ಮಾಂಸ, ಅದೂ ತೂಕ ಹಾಕಿ. ಹಾಲಿಲ್ಲ, ಬಿಸ್ಕತ್ತಿಲ್ಲ, ಮಧ್ಯೆ ಚೂರುಪಾರು ಏನೂ ಇಲ್ಲ. ಊಟ ಒಂದೇ ಸಮ ಇದ್ದರೆ ಮಾತ್ರ ಔಷಧಿ ಎಷ್ಟು ಬೇಕು ಅಂತ ಗೊತ್ತಾಗುತ್ತೆ, ಅಂದಿದ್ದರು. ನನಗೆ ಅದು ಕೇಳಿದ ಕೂಡಲೇ ಅರ್ಥವಾಯಿತು. ರೆಡಿಮೇಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ದಿನವಿಡೀ ಪರರ ಪ್ಯಾಂಟಿನ ಕಾಲು ಮಡಿಸುವವಳು ನಾನು. ಗಿರಾಕಿ ಉಸಿರು ಬಿಗಿಹಿಡಿದು ಸೊಂಟದ ಅಳತೆ ಕೊಟ್ಟರೆ ಆಮೇಲೆ ಎಷ್ಟು ಹೊಲಿದರೂ ಕೂರುವುದಿಲ್ಲ.

ನಿಮಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. "ಜೀವ ಅಂದ್ಮೇಲೆ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಾ? ತಕ್ಕಡೀಲಿ ತೂಗಿ ಹಾಕೋಕೆ ಅವನೇನು ಬಂಗಾರವಾ?" ಅಂದಿರಿ. ನಾನು ದನಿ ಏರಿಸಿದೆ. ನೀವು ಸುಮ್ಮನಾದಿರಿ. ನೀವು ಸುಮ್ಮನಾದರೆ ಒಪ್ಪಿದಿರಿ ಎಂದು ತಿಳಿದುಕೊಂಡವಳು ನಾನು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅಷ್ಟು ಗೊತ್ತಾಗಬಾರದಾ ನನಗೆ!

ಅವನ ಶುಗರ್ ಒಂದು ದಿನ ಆಕಾಶ, ಒಂದು ದಿನ ಪಾತಾಳ. ಹೆಚ್ಚು ದಿನ ಆಕಾಶವೇ. ಊಟ ಅದೇ, ಸೂಜಿ ಅದೇ, ಆದರೂ ಹೀಗೇಕೆ ಎಂದು ನನಗೆ ತಲೆ ಕೆಟ್ಟುಹೋಯಿತು. ಡಬ್ಬಿಯ ಮಾಂಸದ ಕಂಪನಿ ಬದಲಿಸಿದೆ. ಮೇಲಿನ ಮನೆಯ ಹೆಂಗಸು ಕಿಟಕಿಯಿಂದ ಏನೋ ಎಸೆಯುತ್ತಾಳೆ ಎಂದು ಅವರ ಜೊತೆ ಮಾತು ಬಿಟ್ಟೆ. ಪಾಪ, ಆಕೆಗೆ ಬೆಕ್ಕು ಕಂಡರೆ ಸೀನು ಬರುತ್ತಂತೆ, ಆಮೇಲೆ ತಿಳಿಯಿತು. ಪಾರಿವಾಳ ಹಿಡಿದು ತಿನ್ನುತ್ತಾನೇನೋ ಎಂದು ಕಿಟಕಿಗೆ ಜಾಲರಿ ಹೊಡೆಸಿದೆ. ಅವನ ಸೋಮಾರಿತನಕ್ಕೆ ಪಾರಿವಾಳವೇ ಬಂದು ಬಾಯೊಳಗೆ ಕೂರಬೇಕಿತ್ತು! ಲೋಕವನ್ನೆಲ್ಲ ಶಂಕಿಸಿದೆ, ಮಂಚದ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ ನಿಮ್ಮೊಬ್ಬರನ್ನು ಬಿಟ್ಟು. ಡಾಕ್ಟರಮ್ಮ ಇನ್ನೇನು ಮಾಡಿಯಾರು, ಔಷಧಿ ಸ್ವಲ್ಪ ಏರಿಸಿದರು. ಆಮೇಲೆ ಇನ್ನೂ ಸ್ವಲ್ಪ.

ಅದೇ ದಿನಗಳಲ್ಲಿ ನಿಮ್ಮ ದಿಂಬಿನಡಿಯ ಬಿಸ್ಕತ್ತು ಬೇಗ ಬೇಗ ಮುಗಿಯತೊಡಗಿತು. ನಿಮಗೆ ಶುಗರ್ ಇಳಿದು ನಡುಕ ಬಂದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಇಟ್ಟ ಡಬ್ಬಿ ಅದು. ನಾನು ಅಂಗಡಿಗೆ ಹೋದಾಗ ನಿಮ್ಮ ಜೀವಕ್ಕೆ ಅದೇ ಕಾವಲು. ವಾರವಿಡೀ ಬರುತ್ತಿದ್ದ ಡಬ್ಬಿ ಎರಡೇ ದಿನಕ್ಕೆ ಖಾಲಿಯಾದಾಗ ನನಗೆ ಹೆದರಿಕೆಯಾಯಿತು. "ಅತ್ತೆ, ಪದೇ ಪದೇ ನಡುಕ ಬರ್ತಿದ್ಯಾ?" ಎಂದು ಕೇಳಿದೆ. ನೀವು ಗೋಡೆ ಕಡೆ ತಿರುಗಿ, "ಹೂಂ, ಬರುತ್ತೆ ಕಣೇ. ಏನೋ ಒಂದು ತರಹ" ಅಂದಿರಿ. ನಾನು ನಿಮ್ಮ ಡಾಕ್ಟರಿಗೆ ಹಾಗೆಯೇ ಹೇಳಿದೆ. ಅವರು ನಿಮ್ಮನ್ನೇ ಕೇಳಿದರು, ನೀವು ಅವರೆದುರಿಗೂ ತಲೆಯಾಡಿಸಿದಿರಿ. ಅವರು ನಿಮ್ಮ ಇನ್ಸುಲಿನ್ ಇಳಿಸಿದರು. ಆಮೇಲೆ ಚಪ್ಪಲಿ ಕಚ್ಚಿ ಆದ ಒಂದು ಸಣ್ಣ ಗಾಯ ಒಣಗಲೇ ಇಲ್ಲ. ಹೆಬ್ಬೆರಳಿಗೆ ಏರಿತು. ಬೆರಳು ತೆಗೆದರು. ದೊಡ್ಡಾಸ್ಪತ್ರೆಯ ಹತ್ತಿರ ಇರಬೇಕು, ದಿನ ಬಿಟ್ಟು ದಿನ ಪಟ್ಟಿ ಬದಲಿಸಬೇಕು ಎಂದು ಪುಟ್ಟಿ ಬಂದು ನಿಮ್ಮನ್ನು ಕರೆದುಕೊಂಡು ಹೋದಳು. ಕಾರಿನ ಬಾಗಿಲು ಹಾಕುವ ಮುಂಚೆ ನೀವು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು, "ಅವನನ್ನ ಹಸಿವಲ್ಲಿ ಕೂರಿಸ್ಬೇಡ." ನನಗೆ ಸಿಟ್ಟು ಬಂದಿತ್ತು. ನಾನು ಯಾವಾಗ ಹಸಿವಿನಲ್ಲಿ ಕೂರಿಸಿದ್ದೆ ಎಂದು.

ನೀವು ಹೋದ ಮಾರನೆಯ ದಿನ ನಡೆದದ್ದನ್ನು ನಿಮಗೆ ಇದುವರೆಗೆ ಹೇಳಿಲ್ಲ. ಅಂಗಡಿಗೆ ವಾರದ ರಜೆ. ಬೆಳಿಗ್ಗೆ ತೂಕ ಹಾಕಿ ಊಟ ಕೊಟ್ಟೆ, ಸೂಜಿ ಹಾಕಿದೆ, ಬಟ್ಟೆ ಒಗೆಯಲು ಕೂತೆ. ಅವನು ನಿಮ್ಮ ಮಂಚ ಹತ್ತಿದ. ದಿಂಬಿನ ಮೇಲೆ ಮುಂಗಾಲಿಟ್ಟು ಕಾದ. ಮತ್ತೆ ದಿಂಬನ್ನು ಮೆಲ್ಲಗೆ ತಟ್ಟಿದ. ಕಾದ, ಮತ್ತೆ ತಟ್ಟಿದ. ಅತ್ತೆಯ ನೆನಪು ಬಂದಿದೆ ಪಾಪ ಎಂದು ನನ್ನ ಕಣ್ಣೂ ಒದ್ದೆಯಾಯಿತು. ಬಟ್ಟೆ ಹಿಂಡಿ ಬಂದು ನೋಡುತ್ತೇನೆ, ಮಂಚದಿಂದ ಇಳಿದವನಿಗೆ ಹಿಂಗಾಲು ನಿಲ್ಲುತ್ತಿಲ್ಲ. ಕುಡಿದವನ ಹಾಗೆ ಗೋಡೆಗೆ ಒರಗಿದ, ಕಣ್ಣು ಎಲ್ಲೋ ನೋಡುತ್ತಿದೆ, ಕರೆದರೆ ಕೇಳುತ್ತಿಲ್ಲ. ಆಮೇಲೆ ಮೈಯೆಲ್ಲ ನಡುಕ. ನಿಮಗೆ ಒಮ್ಮೆ ಬಚ್ಚಲ ಬಾಗಿಲಲ್ಲಿ ಹೀಗೇ ಆಗಿತ್ತಲ್ಲ, ಆಗ ಜೇನುತುಪ್ಪ ನಾಲಿಗೆಗೆ ಸವರಿದ್ದೆ. ಅದೇ ಬಾಟಲಿ ತೆಗೆದು ಅವನ ವಸಡಿಗೆ ಬೆರಳಲ್ಲಿ ಉಜ್ಜಿದೆ. ಅವನು ಕಚ್ಚಲೂ ಇಲ್ಲ. ನನಗೆ ಅದೇ ಹೆದರಿಕೆ, ದೊರೆ ಬಾಯಿಗೆ ಬೆರಳಿಟ್ಟರೂ ಕಚ್ಚಲಿಲ್ಲವಲ್ಲ ಎಂದು. ಟವೆಲಿನಲ್ಲಿ ಸುತ್ತಿಕೊಂಡು ಓಡಿದೆ.

ಡಾಕ್ಟರಮ್ಮ ಅವನ ಕಾಲಿಗೆ ಗ್ಲೂಕೋಸ್ ಹಾಕಿದರು. ಅವನು ಕಣ್ಣು ಹೊರಳಿಸಿ ನನ್ನನ್ನು ಗುರುತು ಹಿಡಿದು, ಎಂದಿನಂತೆ ಅಸಡ್ಡೆಯಿಂದ ಮುಖ ತಿರುಗಿಸಿದ ಮೇಲೆ ನನಗೆ ಉಸಿರು ಬಂತು. ಆಗ ಅವರು ಕೇಳಿದರು. "ಇಷ್ಟು ದಿನ ಈ ಔಷಧಿಗೂ ಶುಗರ್ ಇಳೀತಿರ್ಲಿಲ್ಲ. ಇವತ್ತು ಅದೇ ಔಷಧಿಗೆ ಇಷ್ಟೊಂದು ಇಳಿದಿದೆ ಅಂದ್ರೆ, ದಿನಾ ಎಲ್ಲೋ ಬೇರೆ ಏನೋ ತಿಂತಿದ್ದ. ಇವತ್ತು ಅದು ಸಿಕ್ಕಿಲ್ಲ. ಮನೇಲಿ ಇನ್ಯಾರು ತಿನ್ನೋಕೆ ಕೊಡ್ತಾರೆ?" ನಾನು ಎಂದಿನ ಜಂಬದಲ್ಲಿ, "ಯಾರೂ ಇಲ್ಲ ಡಾಕ್ಟ್ರೇ. ಅತ್ತೆ ಒಬ್ಬರಿದ್ರು, ಅವರಿಗೆ ಕಣ್ಣೇ..." ಎಂದು ಶುರು ಮಾಡಿದೆ. ದಿಂಬು ತಟ್ಟುತ್ತಿದ್ದ ಆ ಕಾಲು ಕಣ್ಣ ಮುಂದೆ ಬಂತು.

ಮನೆಗೆ ಬಂದು ನಿಮ್ಮ ಹಾಸಿಗೆ ಎತ್ತಿದೆ. ಪುಡಿ ಪುಡಿ ಬಿಸ್ಕತ್ತು. ಡಬ್ಬಿಯೊಳಗೆ ಅವನ ಬಿಳಿ ಕೂದಲು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತೆ ಅಂತಾರೆ, ನಮ್ಮ ಮನೆಯಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ತಿಂದಿತ್ತು, ಕಣ್ಣು ಮುಚ್ಚಿಕೊಂಡಿದ್ದವರು ನಾವಿಬ್ಬರು. ನನಗೆ ಸಿಟ್ಟು ನೆತ್ತಿಗೇರಿತು, ಅತ್ತೆ. ನೀವು ಎದುರಿಗಿದ್ದಿದ್ದರೆ ಅವತ್ತು ಮನೆಯಲ್ಲಿ ಏನಾಗುತ್ತಿತ್ತೋ ಗೊತ್ತಿಲ್ಲ. ಅವನ ಪಾಲಿಗೆ ಏರಿದ ಔಷಧಿ, ನಿಮ್ಮ ಪಾಲಿಗೆ ಇಳಿದ ಔಷಧಿ, ಎರಡಕ್ಕೂ ಆ ಒಂದು ಡಬ್ಬಿಯೇ ಕಾರಣ. "ಬಿಸ್ಕತ್ತು ತಿಂದಿದ್ದು ನಾನಲ್ಲ, ಅವನು" ಎಂಬ ಒಂದು ಮಾತು ಹೇಳಿದ್ದರೆ ನಿಮ್ಮ ಬೆರಳು ಉಳಿಯುತ್ತಿತ್ತು. ನಾನು ಬೈಯುತ್ತೇನೆ ಎಂದು ಹೆದರಿದಿರಾ? ಅಥವಾ ನಾನು ಡಬ್ಬಿ ಕಿತ್ತುಕೊಳ್ಳುತ್ತೇನೆ ಎಂದು ಹೆದರಿದಿರಾ? ಬೆರಳು ಹೋದರೆ ಹೋಗಲಿ, ಅವನ ಬಾಯಿಗೆ ಬೀಳುವ ಚೂರು ತಪ್ಪಬಾರದು ಎಂದು ಸುಮ್ಮನಿದ್ದಿರಲ್ಲ!

ಸಿಟ್ಟು ಇಳಿಯುವವರೆಗೆ ನಿಮ್ಮ ಮಂಚದ ಮೇಲೆಯೇ ಕೂತಿದ್ದೆ. ಅಲ್ಲಿ ಕೂತಾಗ ನೀವು ಒಮ್ಮೆ ಹೇಳಿದ್ದು ನೆನಪಾಯಿತು. ಶುಗರ್ ಇಳಿದಾಗ ಹೇಗಾಗುತ್ತೆ ಎಂದು ಕೇಳಿದ್ದಕ್ಕೆ, "ಹೊಟ್ಟೆಯೊಳಗೆ ನೆಲಾನೇ ಕುಸಿದ ಹಾಗಾಗುತ್ತೆ ಕಣೇ. ಲೋಕದಲ್ಲಿರೋದನ್ನೆಲ್ಲ ತಿಂದ್ರೂ ಸಾಲ್ದು ಅನ್ಸುತ್ತೆ. ನನಗಾದ್ರೆ ಬಾಯಿದೆ, ಕೂಗ್ತೀನಿ. ಅವನೇನು ಮಾಡ್ತಾನೆ?" ಅಂದಿದ್ದಿರಿ. ನಾನು ಯಂತ್ರದ ಅಂಕಿ ನೋಡುತ್ತಿದ್ದೆ. ನೀವು ಆ ಹಸಿವನ್ನು ಕಂಡವರು. ಅವನು ಹತ್ತಿರ ಬಂದು ಮೂತಿ ಉಜ್ಜಿದಾಗಲೆಲ್ಲ ನಿಮಗೆ ನಿಮ್ಮದೇ ನಡುಕ ನೆನಪಾಗಿ ಚೂರು ಮುರಿದು ಕೊಟ್ಟಿರಿ. ಅವನಿಗೆ ಇದ್ದದ್ದು ಶುದ್ಧ ಹೊಟ್ಟೆಬಾಕತನ ಎಂದು ನಿಮಗೆ ಯಾರು ಹೇಳಬೇಕು!

ಇನ್ನೊಂದು ಮಾತನ್ನು ನಾವಿಬ್ಬರೂ ಯಾವತ್ತೂ ಆಡಿಲ್ಲ. ಇವತ್ತು ಆಡಿಬಿಡುತ್ತೇನೆ. ನಿಮ್ಮ ಮಗ ಆ ಕೊನೆಯ ಬೆಳಿಗ್ಗೆ ತಿನ್ನದೆ ಹೋದ. ನೀವು ತಟ್ಟೆ ಹಿಡಿದು ಬಾಗಿಲವರೆಗೆ ಹೋದಿರಿ. ಪ್ರೆಸ್ಸಿಗೆ ಹೊತ್ತಾಯಿತು, ಬಂದು ತಿಂತೀನಮ್ಮ, ಅಂದ. ಬರಲಿಲ್ಲ. ಪ್ರೆಸ್ಸಿನಲ್ಲಿ ಮಿಷನ್ನಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಬಿದ್ದ. ಎಲ್ಲ ಮುಗಿದು ಜನ ಚದುರಿದ ಮೇಲೆ ಆ ತಟ್ಟೆ ಹಾಗೇ ಒಲೆಯ ಪಕ್ಕ ಮುಚ್ಚಿಟ್ಟಿತ್ತು, ತೊಳೆದವಳು ನಾನು. ಅವತ್ತಿನಿಂದ ಈ ಮನೆಯಲ್ಲಿ ಯಾರಾದರೂ ಆಮೇಲೆ ತಿಂತೀನಿ ಅಂದರೆ ನಿಮ್ಮ ಮುಖ ಹೇಗಾಗುತ್ತಿತ್ತು ಎಂದು ನನಗೆ ಗೊತ್ತು. ಅಂಥವರ ಮುಂದೆ ನಾನು ತಕ್ಕಡಿ ಹಿಡಿದು, ಸಂಜೆವರೆಗೆ ಏನೂ ಕೊಡಬೇಡಿ ಅಂದೆ. ನೀವು ಹೇಗೆ ಕೇಳುತ್ತೀರಿ? ಆ ಜಾಗದಲ್ಲಿ ನಾನಿದ್ದರೂ ಕದ್ದು ಕೊಡುತ್ತಿದ್ದೆನೇನೋ.

ಹಾಗಾಗಿ ಡಾಕ್ಟರಮ್ಮನಿಗೆ ಎಲ್ಲ ಬಿಚ್ಚಿ ಹೇಳಿ ಒಂದು ದಾರಿ ಕೇಳಿದೆ. ಅವರು ಔಷಧಿ ಇಳಿಸಿದರು. ಬಿಸ್ಕತ್ತು ಮಾತ್ರ ಬೇಡವೇ ಬೇಡ, ಆದರೆ ಅದೇ ತೂಕದ ಮಾಂಸದಲ್ಲಿ ಒಂದು ಪಾಲು ತೆಗೆದಿಟ್ಟು ನಡುಹೊತ್ತಿಗೆ ಕೊಡಿ, ಒಟ್ಟು ಹೆಚ್ಚಾಗಬಾರದು ಅಷ್ಟೇ, ಅಂದರು. ಅಂಗಡಿಯಿಂದ ಊಟದ ಬಿಡುವಿನಲ್ಲಿ ಓಡೋಡಿ ಬಂದು, ನಿಮ್ಮ ಮಂಚದ ಅಂಚಿನಲ್ಲಿ ನೀವು ಕೂರುವ ಜಾಗದಲ್ಲೇ ಕೂತು, ಅಂಗೈಯಲ್ಲಿ ಆ ಪಾಲನ್ನು ಹಿಡಿಯುತ್ತಿದ್ದೆ. ಮೊದಲ ದಿನ ಮೂಸಿ, ಇದೇನು ಮೋಸ ಎಂಬಂತೆ ನನ್ನ ಮುಖ ನೋಡಿದ. ಮೂರನೆಯ ದಿನದಿಂದ ಬಾಗಿಲ ಸದ್ದಾದರೆ ಮಂಚ ಹತ್ತಿ ಕೂರುತ್ತಿದ್ದ. ಶುಗರ್ ಏರಿಳಿತ ನಿಂತಿತು. ಮೈ ತುಂಬಿತು. ಪಟ್ಟೆಗೆ ಮತ್ತೆ ಹೊಳಪು ಬಂತು. ಆ ದಿನಗಳಲ್ಲಿ ನಾನು ಫೋನಿನಲ್ಲಿ ನಿಮಗೆ ಹೇಳಿದ್ದೆಲ್ಲ ನಿಜ, ಅತ್ತೆ. ತಿಂದ ಅಂದದ್ದೂ ನಿಜ, ನಿಮ್ಮ ಮಂಚ ಬಿಟ್ಟು ಇಳಿಯುತ್ತಿಲ್ಲ ಅಂದದ್ದೂ ನಿಜ.

ಫೋನಿನ ಪದ್ಧತಿ ಶುರುವಾಗಿದ್ದೂ ಆಗಲೇ. ಮಗಳ ಮನೆಯಲ್ಲಿ ನೀವು ತಟ್ಟೆ ಮುಂದಿಟ್ಟರೆ ಕೈ ಹಾಕುತ್ತಿರಲಿಲ್ಲ. ಪುಟ್ಟಿ ಸೋತು ನನಗೆ ಫೋನ್ ಮಾಡಿದಳು. "ಅತ್ತಿಗೆ, ಇವರು ಸೂಜಿ ಹಾಕಿಸ್ಕೊಂಡು ಊಟ ಮಾಡಲ್ಲ ಅಂತಾರೆ, ದೊರೆ ತಿಂದನಾ ಅಂತ ಕೇಳಿ ಹೇಳು ಅಂತಾರೆ." ನಾನು ಈಗ ತಿಂತಾನೆ ಅಂದೆ. ನೀವು ನಂಬಲಿಲ್ಲ, "ಬಟ್ಟಲು ಕೇಳಿಸು" ಅಂದಿರಿ. ನಾನು ಸ್ಟೀಲ್ ಬಟ್ಟಲಿನಲ್ಲಿ ಅವನಿಗೆ ಮಾಂಸ ಕಿವುಚುತ್ತಿದ್ದೆ, ಫೋನನ್ನು ಹತ್ತಿರ ಹಿಡಿದು ಬಟ್ಟಲಿಗೆ ಚಮಚ ತಟ್ಟಿದೆ. ಆಗ ನೀವು, "ಸರಿ ಪುಟ್ಟಿ, ಬಡಿಸು" ಅಂದಿರಿ. ಅವತ್ತಿನಿಂದ ಅವನು ಇಲ್ಲಿ ಉಂಡರೆ ನೀವು ಅಲ್ಲಿ ಉಂಡಿರಿ. ಅವನ ಹೊಟ್ಟೆಯಿಂದ ನಿಮ್ಮ ಶುಗರ್ ನಡೆಯುತ್ತಿತ್ತು. ನಾನೂ ಪುಟ್ಟಿಯೂ ನಕ್ಕೆವು, ಹೇಗೋ ಒಂದು ಉಪಾಯ ಸಿಕ್ಕಿತಲ್ಲ ಎಂದು.

ಆಮೇಲೆ ಅವನು ಊಟ ಬಿಟ್ಟ. ಶುಗರಿನಿಂದಲ್ಲ, ಕಿಡ್ನಿ. ವಯಸ್ಸೂ ಆಗಿತ್ತು. ತಿನ್ನದವನಿಗೆ ಸೂಜಿ ಹಾಕಿದರೆ ಕಷ್ಟ, ಹಾಕದಿದ್ದರೂ ಕಷ್ಟ. ಮಾಂಸ ಬೆಚ್ಚಗೆ ಮಾಡಿದೆ, ಬೆರಳಿಗೆ ಹಚ್ಚಿ ನೆಕ್ಕಿಸಿದೆ, ಕಾಲು ಹಿಡಿದು ಬೇಡಿಕೊಂಡೆ. ಜೀವಮಾನವಿಡೀ ಹಸಿವು ಹಸಿವು ಎಂದು ನಮ್ಮ ಪ್ರಾಣ ಹಿಂಡಿದವನು ಬಟ್ಟಲು ಕಂಡರೆ ಮುಖ ತಿರುಗಿಸಿದ. ಡಾಕ್ಟರಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನು ಒತ್ತಾಯ ಮಾಡ್ಬೇಡಿ. ನೋವಾಗದ ಹಾಗೆ ನಾನು ನೋಡ್ಕೋತೀನಿ, ನೀವು ಹತ್ತಿರ ಇರಿ ಸಾಕು" ಅಂದರು. ಬಿಸ್ಕತ್ತು ಬೇಡವೇ ಬೇಡ ಎನ್ನುತ್ತಿದ್ದ ನಾನು ಅವತ್ತು ಅಂಗಡಿಗೆ ಹೋಗಿ ಒಂದು ಪೊಟ್ಟಣ ಬಿಸ್ಕತ್ತು ತಂದೆ. ನಿಮ್ಮ ಮಂಚದ ಮೇಲೆ ಅವನ ಮೂಗಿನ ಮುಂದೆ ಹಿಡಿದೆ. ತಿನ್ನೋ ದೊರೆ, ಯಾರೂ ಬೈಯಲ್ಲ, ಅಂದೆ. ಮೂಸಿದ. ಮೂಸಿ, ನನ್ನ ಬೆರಳನ್ನು ಒಂದು ಸಲ ನೆಕ್ಕಿದ. ಬಿಸ್ಕತ್ತು ಮುಟ್ಟಲಿಲ್ಲ.

ಅವನೊಬ್ಬನನ್ನೇ ಮನೆಯಲ್ಲಿ ಬಿಡಲಾರದೆ ಬುಟ್ಟಿಯಲ್ಲಿಟ್ಟುಕೊಂಡು ಕೆಲಸಕ್ಕೆ ಕರೆದುಕೊಂಡು ಹೋದೆ. ಹಿಂದಿನ ಕೋಣೆಯಲ್ಲಿ ನನ್ನ ಮಿಷನ್ನಿನ ಕೆಳಗೆ, ಕತ್ತರಿಸಿದ ಬಟ್ಟೆಯ ಚೂರುಗಳ ಮೇಲೆ ಮಲಗಿದ್ದ. ಯಾರದೋ ಮದುವೆಗೆ ಕೋಟಿನ ತೋಳು ಗಿಡ್ಡ ಮಾಡುತ್ತಿದ್ದೆ. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ಪಾದ ಅವನ ಹೊಟ್ಟೆಗೆ ತಾಗಿಸಿಕೊಂಡು. ಆ ಉಸಿರು ಪಾದಕ್ಕೆ ತಿಳಿಯುತ್ತಿತ್ತು. ಆಮೇಲೆ ತಿಳಿಯಲಿಲ್ಲ. ನಾನು ಬಗ್ಗಿ ನೋಡಲಿಲ್ಲ, ತೋಳು ಪೂರ್ತಿ ಹೊಲಿದು ಮುಗಿಸಿದೆ. ನನ್ನ ಮುಖ ನೋಡಿ ಕಟಿಂಗ್ ಮಾಸ್ಟರು ತಮ್ಮ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದರು. ಹೊಸ ಲೈನಿಂಗ್ ಬಟ್ಟೆಯಲ್ಲಿ ಒಂದು ತುಂಡು ಹರಿದು ಕೊಟ್ಟು, "ಇದರಲ್ಲಿ ಸುತ್ತಮ್ಮ, ಮೆತ್ತಗಿದೆ" ಅಂದರು. ಡಾಕ್ಟರಮ್ಮನ ಆಸ್ಪತ್ರೆಯ ಹಿಂದಿನ ಖಾಲಿ ಜಾಗದಲ್ಲಿ ಮಣ್ಣು ಮಾಡಿದೆವು. ನಿಮ್ಮ ದಿಂಬಿನ ಕವರನ್ನೂ ಜೊತೆಗಿಟ್ಟೆ. ಕ್ಷಮಿಸಿ, ಅದು ನಿಮ್ಮ ನೀಲಿ ಹೂವಿನ ಕವರು.

ಅವತ್ತು ಸಂಜೆಯೇ ನಿಮ್ಮ ಫೋನು ಬಂತು. ನನ್ನಿಂದ ವಿಷಯ ಕೇಳಿದ ಪುಟ್ಟಿ ಒಳಗಿನ ಕೋಣೆಗೆ ಹೋಗಿ ಪಿಸುಗುಟ್ಟಿದಳು, "ಹೇಳ್ಬೇಡಿ ಅತ್ತಿಗೆ, ಸೂಜಿ ಹಾಕಿ ಆಗಿದೆ, ಊಟ ಬಿಟ್ರೆ ಏನು ಗತಿ." ಹಾಗೆ ಶುರುವಾಯಿತು. ನೀವು "ಬಟ್ಟಲು ಕೇಳಿಸು" ಅಂದಿರಿ. ಖಾಲಿ ಬಟ್ಟಲಿಗೆ ಚಮಚ ಬಡಿದೆ. ನೀವು ಒಂದು ಗಳಿಗೆ ಏನೂ ಮಾತಾಡಲಿಲ್ಲ. ಆಮೇಲೆ ಬಡಿಸು ಪುಟ್ಟಿ, ಅಂದಿರಿ. ದಿನಾ ಸಂಜೆ ಖಾಲಿ ಮನೆಯಲ್ಲಿ ನಿಂತು ಬಟ್ಟಲು ಬಡಿದಿದ್ದೇನೆ ಅತ್ತೆ, ನೀವು ಉಣ್ಣಲಿ ಎಂದು.

ಅದನ್ನು ಹಾಗೇ ಮುಂದುವರಿಸುತ್ತಿದ್ದೆನೇನೋ. ಆದರೆ ಹೋದ ವಾರ ಮಳೆಗೆ ಲೈನ್ ಸಿಗಲಿಲ್ಲ. ನಾನು ಇಲ್ಲಿ ಫೋನ್ ಒತ್ತಿ ಒತ್ತಿ ಸಾಕಾದೆ. ಅಲ್ಲಿ ನೀವು ಸೂಜಿ ಹಾಕಿಸಿಕೊಂಡು, ತಟ್ಟೆ ಮುಂದಿಟ್ಟುಕೊಂಡು, ಅವಳ ಫೋನ್ ಬರಲಿ ಬರಲಿ ಎಂದು ಕಾದಿರಂತೆ. ಪುಟ್ಟಿ ಬಟ್ಟೆ ತೆಗೆಯಲು ಮಹಡಿಗೆ ಹೋಗಿ ಬರುವಷ್ಟರಲ್ಲಿ ಬೆವರಿನಲ್ಲಿ ತೊಯ್ದು ಕುರ್ಚಿಯಿಂದ ಜಾರಿದ್ದಿರಂತೆ. ನಿಮ್ಮನ್ನು ಉಣಿಸಲು ಹೇಳಿದ ಸುಳ್ಳೇ ನಿಮ್ಮನ್ನು ಹಸಿವಿನಲ್ಲಿ ಕೂರಿಸಿತು. ಸತ್ತ ಬೆಕ್ಕಿನ ಊಟಕ್ಕೆ ಕಾದು ನೀವು ಹೋಗಿಬಿಟ್ಟಿದ್ದರೆ ನಾನು ಯಾರ ಮುಂದೆ ಹೇಳಿಕೊಳ್ಳಲಿ? ಅದಕ್ಕೇ ಈ ಕಾಗದ. ಇನ್ನು ಮೇಲೆ ನಿಮ್ಮ ತುತ್ತಿಗೂ ನನ್ನ ಫೋನಿಗೂ ಸಂಬಂಧವಿಲ್ಲ. ಸೂಜಿ ಬಿದ್ದ ಕೂಡಲೇ ತಟ್ಟೆಗೆ ಕೈ ಹಾಕಬೇಕು. ಮತ್ತೆ ನಡುಕ ಬಂದಿದ್ದರೆ ಬಂತು ಅನ್ನಿ, ಬಂದಿಲ್ಲದಿದ್ದರೆ ಇಲ್ಲ ಅನ್ನಿ. ಡಾಕ್ಟರ ಮುಂದೆ ಯಾರನ್ನೂ ಕಾಪಾಡಬೇಡಿ. ನನ್ನನ್ನೂ ಸೇರಿಸಿ.

ಇಷ್ಟು ಬರೆದು ಮುಗಿಸಿ, ಓದಿಕೊಳ್ಳುವಾಗ ಒಂದು ಅನುಮಾನ ಬಂದು ಪೆನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ. ಮಾಂಸ ಇರುವ ಬಟ್ಟಲಿಗೆ ಚಮಚ ತಾಗಿದರೆ ಮಂದವಾದ ಸದ್ದು. ಖಾಲಿ ಬಟ್ಟಲು ಠಣ್ಣೆನ್ನುತ್ತದೆ. ಬಾಗಿಲು ತೆಗೆದ ಸದ್ದಿನಲ್ಲೇ ನಾನು ಸಿಟ್ಟಿನಲ್ಲಿದ್ದೇನೋ ಸುಸ್ತಾಗಿದ್ದೇನೋ ಹೇಳುತ್ತಿದ್ದವರು ನೀವು. ಆ ಮೊದಲ ಸಂಜೆ ನೀವು ಸುಮ್ಮನಾದದ್ದು ಯಾಕೆ? ಅಲ್ಲಿಯವರೆಗೆ ದಿನಾ "ಎಷ್ಟು ತಿಂದ? ಬಿಟ್ಟನಾ? ನೆಕ್ಕಿದನಾ?" ಎಂದು ವಕೀಲರ ಹಾಗೆ ಕೇಳುತ್ತಿದ್ದವರು ಆಮೇಲೆ ಒಂದು ದಿನವೂ ಎಷ್ಟು ಅಂತ ಕೇಳಲಿಲ್ಲ. ಬರೀ "ತಿಂದನಾ?" ಅಷ್ಟೇ. ಅದರ ಹಿಂದೆಯೇ ಮೆಲ್ಲಗೆ, "ನೀನು?" ಅನ್ನುತ್ತಿದ್ದಿರಿ. ನಾನು ಅದನ್ನು ಮಾತಿನ ಮುಕ್ತಾಯ ಎಂದುಕೊಂಡಿದ್ದೆ.

ನಿಮಗೆ ಗೊತ್ತಿತ್ತು, ಅಲ್ಲವಾ ಅತ್ತೆ? ನಾನು ಒಬ್ಬಳೇ ನಿಂತು ಖಾಲಿ ಬಟ್ಟಲು ಬಡಿಯುತ್ತಿದ್ದೇನೆ ಎಂದು ಗೊತ್ತಿದ್ದೂ, ಈ ಹುಡುಗಿ ದಿನಕ್ಕೊಮ್ಮೆಯಾದರೂ ಯಾರಿಗೋ ಉಣಿಸಿದೆ ಅಂದುಕೊಳ್ಳಲಿ ಎಂದು ಆ ತುತ್ತುಗಳನ್ನು ನುಂಗಿದಿರಾ? ಹೋದ ವಾರ ತಟ್ಟೆ ಮುಂದಿಟ್ಟುಕೊಂಡು ಕಾದದ್ದೂ ನನಗಾಗಿಯೇನಾ?

ನೀನು ಅಂದಾಗಲೆಲ್ಲ ನಾನು "ನಂದಾಯ್ತು" ಅಂದಿದ್ದೇನೆ. ಅದೂ ಸುಳ್ಳು. ಒಬ್ಬಳಿಗೆ ಒಲೆ ಹಚ್ಚಲು ಮನಸ್ಸು ಬರುವುದಿಲ್ಲ. ಅಂಗಡಿಯಿಂದ ಬಂದು, ಬಟ್ಟಲು ಬಡಿದು, ನೀರು ಕುಡಿದು ಮಲಗುತ್ತೇನೆ. ನಾಳೆಯಿಂದ ನಿಮ್ಮ ಊಟವಾದ ಮೇಲೆ ಫೋನ್ ಮಾಡಿ, ನನ್ನನ್ನು ಕೇಳಿ. ಏನು ಮಾಡಿಕೊಂಡೆ, ಎಷ್ಟು ತಿಂದೆ, ಎಲ್ಲ ಕೇಳಿ. ಮಾಡಿಕೊಂಡಿಲ್ಲ ಅಂದರೆ ಬೈಯಿರಿ. ಈ ಮನೆಯಲ್ಲಿ ಈಗ ಹಸಿದಿರುವವಳು ನಾನು, ಅತ್ತೆ.

ನಿಮ್ಮ ಎರಡೂ ಕಾಲಿಗೆ, ಪಟ್ಟಿ ಕಟ್ಟಿದ ಕಾಲಿಗೆ ಇನ್ನೊಂದು ಹೆಚ್ಚಿಗೆ, ನನ್ನ ನಮಸ್ಕಾರ. ಗಾಯ ಒಣಗಲಿ. ನೀವು ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಬಹಳ ಕಾಲ ಇರಬೇಕು.

ನಿಮ್ಮ
ಕತ್ತರಿ